ತೊಡೆ, ಸೊಂಟದ ಬಲಕ್ಕೆ ಮನೆಯಲ್ಲೇ ಆರು ಸಾಧನೆಗಳು



ಮುಡುಕುತೊರೆಯ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೊನೆಗೆ ಹಿಂದಕ್ಕೆ ಹೋಗಿ ತೊಡೆ ತಟ್ಟಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಹಿಂಗಾಲಿನಲ್ಲಿ ಬಲವಿಲ್ಲದ ಎತ್ತಿಗೆ ಯಾರೂ ಹಣ ಕೊಡುವುದಿಲ್ಲ. ನೊಗ ಹೆಗಲ ಮೇಲಿದ್ದರೂ ನೇಗಿಲನ್ನು ಎಳೆಯುವುದು ಹಿಂಗಾಲು ಎಂಬುದು ನಮಗೆಲ್ಲ ಗೊತ್ತು. ಆದರೆ ಎತ್ತಿನ ತೊಡೆಯನ್ನು ಇಷ್ಟು ಜಾಗ್ರತೆಯಾಗಿ ನೋಡುವ ನಾವು ನಮ್ಮ ತೊಡೆಯ ಬಲವನ್ನು ಎಂದಾದರೂ ನೋಡಿಕೊಂಡಿದ್ದೇವೆಯೆ?

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಹಿಪ್ಪುನೇರಳೆ, ಅರಿಶಿನ, ದನಕರುಗಳ ವಿಚಾರ ಬರುವುದು ವಾಡಿಕೆ. ಈ ಸಲ ಅವೆಲ್ಲಕ್ಕೂ ಆಧಾರವಾದ ರೈತನ ದೇಹದ ವಿಚಾರವಾಗಿ ಒಂದು ಪಾಠ ಬರೆದಿದ್ದೇನೆ. ಇದರಲ್ಲಿ ಸೊಂಟದ ಕೆಳಗಿನ ಸ್ನಾಯುಗಳಿಗೆ, ಅಂದರೆ ಪಿರ್ರೆ ಮತ್ತು ತೊಡೆಗಳಿಗೆ, ಬಲವನ್ನೂ ಬಿಗಿಯನ್ನೂ ಕೊಡುವ ಆರು ಸಾಧನೆಗಳನ್ನು ವಿವರಿಸಿದೆ. ಇವಕ್ಕೆ ಒಂದು ಕಾಸೂ ಖರ್ಚಿಲ್ಲ. ಮನೆಯ ಜಗುಲಿ, ಒಂದು ಚಾಪೆ, ಒಂದು ಕೋಲು ಇದ್ದರೆ ಸಾಕು.

ಮೊದಲು ಒಂದು ಪರೀಕ್ಷೆ

ಪಾಠಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಮಂಡಿಯ ಎತ್ತರದ, ಅಂದರೆ ಸುಮಾರು 17 ಅಂಗುಲ ಎತ್ತರದ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅದರ ಮೇಲೆ ನೆಟ್ಟಗೆ ಕುಳಿತು, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಡ್ಡಲಾಗಿ ಕಟ್ಟಿಕೊಳ್ಳಿ. ಪಕ್ಕದಲ್ಲಿ ಒಬ್ಬರು ಗಡಿಯಾರ ಹಿಡಿದು ನಿಲ್ಲಲಿ. ಅವರು "ಹೂಂ" ಎಂದ ಕೂಡಲೆ ಪೂರ್ತಿ ಎದ್ದು ನಿಂತು, ಪೂರ್ತಿ ಕುಳಿತು, ಮತ್ತೆ ಏಳಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ ಎಂದು ಎಣಿಸಬೇಕು. ಕೈ ಊರಿದರೆ ಲೆಕ್ಕಕ್ಕೆ ಬರುವುದಿಲ್ಲ.

ವಯಸ್ಸಾದವರು ಬೀಳುವ ಅಪಾಯವನ್ನು ಅಳೆಯಲು ವೈದ್ಯರು ಬಳಸುವ ಪರೀಕ್ಷೆ ಇದೇ. 60ರಿಂದ 64 ವಯಸ್ಸಿನ ಗಂಡಸು 14ಕ್ಕಿಂತ ಕಡಿಮೆ, ಹೆಂಗಸು 12ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಕುಂದಿದೆ ಎಂದು ತಿಳಿಯಬೇಕು. 65ರಿಂದ 69ರವರಿಗೆ ಈ ಲೆಕ್ಕ ಗಂಡಸಿಗೆ 12, ಹೆಂಗಸಿಗೆ 11. ಅದಕ್ಕಿಂತ ಚಿಕ್ಕ ವಯಸ್ಸಿನವರು ಇದಕ್ಕಿಂತ ಹೆಚ್ಚು ಸಲ ಏಳಬೇಕೆಂಬುದನ್ನು ಹೇಳಬೇಕಾಗಿಲ್ಲ. ಬಂದ ಸಂಖ್ಯೆಯನ್ನು ತಾರೀಖಿನ ಸಮೇತ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿಡಿ. ಅದರ ಉಪಯೋಗವನ್ನು ಕೊನೆಯಲ್ಲಿ ಹೇಳುತ್ತೇನೆ.

ಹೊಲ ಗೇಯುವವನಿಗೆ ಕಸರತ್ತು ಏಕೆ?

ಈ ಮಾತನ್ನು ಯಳಂದೂರು ಕಡೆಯ ಒಂದು ಊರಿನ ಅರಳಿಕಟ್ಟೆಯಲ್ಲಿ ಹೇಳಿದಾಗ ಹಿರಿಯ ರೈತರೊಬ್ಬರು ನಕ್ಕುಬಿಟ್ಟರು. "ಅಲ್ಲ ಕನಪ್ಪ, ಹೊಲ ಗೇಯವನ್ಗೆ ಕಸರತ್ತು ಯಾಕ? ಗುದ್ದಲಿ ಹಿಡಿಯದೇ ಕಸರತ್ತಲ್ವ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

"ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಅದು ನಿಜ" ಎಂದೆ. ಅಂದು ನೇಗಿಲ ಹಿಂದೆ ಒಂದು ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತಿದ್ದರು. ಸಂತೆಗೆ ಕಾಲ್ನಡಿಗೆ, ಊಟ, ಹರಟೆ ಎಲ್ಲವೂ ನೆಲದ ಮೇಲೆ. ದಿನಕ್ಕೆ ನೂರು ಸಲ ಕುಕ್ಕರಗಾಲಿನಲ್ಲಿ ಕೂತು ಏಳುವುದೇ ಒಂದು ಗರಡಿಯಾಗಿತ್ತು. ಇಂದು ಉಳುಮೆಗೆ ಟ್ರ್ಯಾಕ್ಟರೂ ಟಿಲ್ಲರೂ ಬಂದಿವೆ, ಹೊಲಕ್ಕೆ ಹೋಗಲು ಮೋಟಾರು ಸೈಕಲ್ಲು ಇದೆ, ಮನೆಗೊಂದು ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಇವು ಬಂದದ್ದು ಒಳ್ಳೆಯದೇ. ಅವುಗಳನ್ನು ಹಿಂದಕ್ಕೆ ಕಳುಹಿಸಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅವು ನಮ್ಮ ಕಾಲಿನ ಕೆಲಸವನ್ನು ತೆಗೆದುಕೊಂಡಿವೆ ಎಂಬುದನ್ನು ಮರೆಯಬಾರದು.

ಎರಡನೆಯದಾಗಿ, ಉಳಿದಿರುವ ಕೆಲಸದಲ್ಲಿ ಹೆಚ್ಚಿನದು ಬಗ್ಗಿ ಮಾಡುವ ಕೆಲಸ. ನಾಟಿ ಹಾಕುವುದು, ಕಳೆ ಕೀಳುವುದು, ಅರಿಶಿನ ಆಯುವುದು, ಹಿಪ್ಪುನೇರಳೆ ಕಡ್ಡಿ ಕೊಯ್ಯುವುದು, ಇವುಗಳಲ್ಲಿ ಬೆನ್ನು ಗಂಟೆಗಟ್ಟಲೆ ಕಮಾನಿನಂತೆ ಬಾಗಿರುತ್ತದೆ. ತೊಡೆ, ಪಿರ್ರೆಗಳು ಸುಮ್ಮನೆ ನಿಂತಿರುತ್ತವೆ. ಹೀಗೆ ಬೆನ್ನು ಸವೆಯುತ್ತದೆ, ಕಾಲು ಬೆಳೆಯುವುದಿಲ್ಲ. ಒಂದೇ ಬೆಳೆಯನ್ನು ಒಂದೇ ಹೊಲದಲ್ಲಿ ಬಿಡದೆ ಬೆಳೆದರೆ ಭೂಮಿ ಸೊರಗುವಂತೆ, ಒಂದೇ ಬಗೆಯ ದುಡಿಮೆಯಿಂದ ದೇಹವೂ ಸೊರಗುತ್ತದೆ.

ಮೂರನೆಯದಾಗಿ ವಯಸ್ಸು. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನಲ್ಲಿ ಶೇಕಡಾ 3ರಿಂದ 8 ಭಾಗ ಕರಗುತ್ತ ಹೋಗುತ್ತದೆ. ಅರವತ್ತರ ನಂತರ ಇದು ಇನ್ನೂ ವೇಗವಾಗುತ್ತದೆ. ಭಾರವಾದ ಕೆಲಸ ಕೊಟ್ಟು ಎಬ್ಬಿಸಿದ ಸ್ನಾಯು ಮಾತ್ರ ಈ ನಷ್ಟವನ್ನು ತಡೆದುಕೊಳ್ಳುತ್ತದೆ. ಎಪ್ಪತ್ತು, ಎಂಬತ್ತರಲ್ಲಿ ಆರಂಭಿಸಿದರೂ ಸ್ನಾಯು ಬಲಿಯುತ್ತದೆ ಎಂಬುದು ಸಂತೋಷದ ವಿಷಯ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ, ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಶ್ರಮದ ಜೊತೆಗೆ, ವಾರಕ್ಕೆ ಎರಡು ದಿನವಾದರೂ ದೊಡ್ಡ ಸ್ನಾಯುಗಳಿಗೆ ಬಲ ಕೊಡುವ ಸಾಧನೆ ಮಾಡಬೇಕೆಂದು ಹೇಳಿದೆ.

ಯಾವ ಸ್ನಾಯು ಯಾವ ಕೆಲಸಕ್ಕೆ?

ಯಂತ್ರದ ಭಾಗಗಳನ್ನು ತಿಳಿಯದೆ ಅದನ್ನು ರಿಪೇರಿ ಮಾಡಲಾಗದು. ಆದ್ದರಿಂದ ನಾಲ್ಕು ಮಾತಿನಲ್ಲಿ ಇದನ್ನು ತಿಳಿಯೋಣ.

ಪಿರ್ರೆಯ ಸ್ನಾಯು ನಮ್ಮ ದೇಹದ ಅತಿ ದೊಡ್ಡ ಸ್ನಾಯು. ಕೂತವರು ಏಳುವಾಗ, ದಿಬ್ಬ ಹತ್ತುವಾಗ, ನೆಲದಿಂದ ಭಾರ ಎತ್ತುವಾಗ ದೇಹವನ್ನು ಮೇಲಕ್ಕೆ ನೂಕುವುದು ಇದೇ. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಒಂದು ಕಂತೆ ಇದೆ. ಅದು ಮಂಡಿಯನ್ನು ನೆಟ್ಟಗೆ ಮಾಡುತ್ತದೆ, ಇಳಿಜಾರಿನಲ್ಲಿ ಬ್ರೇಕಿನಂತೆ ತಡೆ ಹಿಡಿಯುತ್ತದೆ. ತೊಡೆಯ ಹಿಂಭಾಗದಲ್ಲಿ ಮೂರು ಸ್ನಾಯುಗಳಿವೆ. ಮಂಡಿ ಮಡಿಸುವುದು, ಬಗ್ಗಿದ ದೇಹವನ್ನು ಎತ್ತುವುದು ಅವುಗಳ ಕೆಲಸ. ಸೊಂಟದ ಪಕ್ಕದಲ್ಲಿರುವ ಸ್ನಾಯು ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟ ವಾಲದಂತೆ ಹಿಡಿಯುತ್ತದೆ. ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಜಾರದೆ ನಡೆಯುವವರಿಗೆ ಇದರ ಬೆಲೆ ಗೊತ್ತು.

ಈ ನಾಲ್ಕೂ ಬಲವಾಗಿದ್ದರೆ ಮಂಡಿಯ ಕೀಲಿನ ಮೇಲೂ ನಡುವಿನ ಮೇಲೂ ಬೀಳುವ ಭಾರ ಕಡಿಮೆಯಾಗುತ್ತದೆ. ಮಂಡಿ ಸವೆತದ ನೋವಿಗೆ ವೈದ್ಯರು ಮೊದಲು ಹೇಳುವ ಚಿಕಿತ್ಸೆಗಳಲ್ಲಿ ತೊಡೆಗೆ ಬಲ ಕೊಡುವ ವ್ಯಾಯಾಮವೂ ಒಂದು.

ತೊಡೆಯ ಕೊಬ್ಬು ಕರಗುತ್ತದೆಯೆ?

ಈ ಪ್ರಶ್ನೆಯನ್ನು ಕೇಳುವವರು ಹಲವರಿದ್ದಾರೆ. ಮುಖ್ಯವಾಗಿ ಪಟ್ಟಣದ ಕಾಲೇಜಿಗೆ ಹೋಗುವ ನಮ್ಮ ತಂಗಿಯರು. ಇದಕ್ಕೆ ನೇರವಾದ ಉತ್ತರ ಹೀಗಿದೆ. ತೊಡೆಯ ಸಾಧನೆ ಮಾಡಿದರೆ ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ಆದರೆ ತೊಡೆಯ ಕೊಬ್ಬು ಮಾತ್ರ ಕರಗಬೇಕೆಂದರೆ ಆಗದು. ಕೆರೆಯ ಒಂದು ಮೂಲೆಯ ತೂಬಿನಿಂದ ನೀರು ಬಿಟ್ಟರೆ ಆ ಮೂಲೆಯ ನೀರು ಮಾತ್ರ ಇಳಿಯುತ್ತದೆಯೆ? ಇಡೀ ಕೆರೆಯ ಮಟ್ಟ ಇಳಿಯುತ್ತದೆ. ಕೊಬ್ಬೂ ಹಾಗೆಯೇ. ತಿನ್ನುವುದಕ್ಕಿಂತ ದುಡಿಮೆ ಹೆಚ್ಚಾದಾಗ ಅದು ಇಡೀ ದೇಹದಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ.

ಇನ್ನೊಂದು ಮಾತು. ಹೆಂಗಸರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಪ್ರಕೃತಿಯ ಏರ್ಪಾಡು. ಬಸುರಿಗೂ ಎದೆಹಾಲಿಗೂ ಇಟ್ಟ ಕಣಜ ಅದು. ಅದಕ್ಕಾಗಿ ನಾಚಬೇಕಾಗಿಲ್ಲ, ಊಟ ಬಿಡಬೇಕಾಗಿಲ್ಲ. ಹೆದರಬೇಕಾದದ್ದು ಹೊಟ್ಟೆಯ ಸುತ್ತ ಸೇರುವ ಕೊಬ್ಬಿಗೆ. ಗಂಡಸರ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಭಯ ಹೆಚ್ಚು.

ಗರಡಿಯಿಂದ ಬಂದ ವಿದ್ಯೆ

ಈ ಸಾಧನೆಗಳು ನಮಗೆ ಹೊಸವಲ್ಲ. ಮೈಸೂರು ಸೀಮೆಯಲ್ಲಿ ಗರಡಿಮನೆಗಳು ಬಹುಕಾಲದಿಂದ ನಡೆದುಬಂದಿವೆ. ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ಗದೆ, ಗೋಡೆಯ ಮೇಲೆ ಆಂಜನೇಯನ ಪಟ, ಇವಿಲ್ಲದ ಗರಡಿಯಿಲ್ಲ. ಮೈಸೂರಿನ ದಸರಾದಲ್ಲಿ ಕುಸ್ತಿ ನಡೆಯುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತದೆ. ಆ ಪೈಲ್ವಾನರ ಸಾಧನೆಯ ತಳಹದಿ ಎರಡೇ: ಮೇಲಿನ ದೇಹಕ್ಕೆ ದಂಡ, ಕೆಳಗಿನ ದೇಹಕ್ಕೆ ಬಸ್ಕಿ.

ಶಾಲೆಯಲ್ಲಿ ಮೇಷ್ಟ್ರು ಬಸ್ಕಿಯನ್ನು ಶಿಕ್ಷೆಯಾಗಿ ಕೊಟ್ಟದ್ದರಿಂದ ಅದಕ್ಕೆ ಕೆಟ್ಟ ಹೆಸರು ಬಂದಿತು. ನಿಜವಾಗಿ ನೋಡಿದರೆ, ಪಿರ್ರೆ, ತೊಡೆಗಳಿಗೆ ಒಟ್ಟಿಗೆ ಕೆಲಸ ಕೊಡುವುದರಲ್ಲಿ ಬಸ್ಕಿಯನ್ನು ಮೀರಿಸಿದ ಸಾಧನೆ ಇಲ್ಲವೆನ್ನಬಹುದು. ಆದರೆ ಪೈಲ್ವಾನರಂತೆ ಮೊದಲ ದಿನವೇ ನೂರು ಹೊಡೆಯಲು ಹೋಗಬೇಡಿ. ಕಡಿಮೆ ಸಂಖ್ಯೆ, ನಿಧಾನ, ಸರಿಯಾದ ಕ್ರಮ, ಇವು ಮೂರೂ ಇರಲಿ.

ಆರಂಭಕ್ಕೆ ಮುನ್ನ ಎಚ್ಚರಿಕೆ

ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು, ಮಂಡಿ ಊದಿಕೊಂಡಿರುವವರು, ಸೊಂಟಕ್ಕೆ ಅಥವಾ ಕಾಲಿಗೆ ಶಸ್ತ್ರಕ್ರಿಯೆ ಆದವರು, ಬಸುರಿಯರು, ಬಾಣಂತಿಯರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಆರಂಭಿಸತಕ್ಕದ್ದು. ಊಟವಾದ ಕೂಡಲೆ ಮಾಡಬಾರದು. ಎರಡು ಗಂಟೆ ಕಳೆದಿರಬೇಕು. ಮೊದಲು ಐದು ನಿಮಿಷ ಅಂಗಳದಲ್ಲಿ ಚುರುಕಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ. ಉಸಿರು ಕಟ್ಟಬೇಡಿ: ಏಳುವಾಗ ಉಸಿರು ಬಿಡಿ, ಇಳಿಯುವಾಗ ಎಳೆದುಕೊಳ್ಳಿ.

ಆರು ಸಾಧನೆಗಳು

1. ಜಗುಲಿ ಬಸ್ಕಿ. ಮಂಡಿಯ ಎತ್ತರದ ಜಗುಲಿ ಅಥವಾ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳಿ. ಪಾದಗಳ ನಡುವೆ ಹೆಗಲಿನ ಅಗಲದಷ್ಟು ಜಾಗವಿರಲಿ, ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿರಲಿ. ಎದೆಯನ್ನು ಮುಂದಕ್ಕೆ ತಂದು, ಹಿಮ್ಮಡಿಯಿಂದ ನೆಲವನ್ನು ಒತ್ತಿ ಎದ್ದು ನಿಲ್ಲಿ. ಕೂರುವಾಗ ಧೊಪ್ಪನೆ ಕೂರದೆ, ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಿರಿ. ಮಂಡಿಗಳು ಒಳಕ್ಕೆ ವಾಲದೆ ಕಾಲಿನ ಬೆರಳುಗಳ ದಿಕ್ಕಿನಲ್ಲೇ ಇರಬೇಕು. 8ರಿಂದ 10 ಸಲ.

2. ಕಂಬ ಹಿಡಿದ ಬಸ್ಕಿ. ಜಗುಲಿ ಬಸ್ಕಿ ಸುಲಭವಾದ ಮೇಲೆ ಇದನ್ನು ಮಾಡಬೇಕು. ಪಡಸಾಲೆಯ ಕಂಬವನ್ನು ಎರಡು ಕೈಗಳಿಂದ ಹಿಡಿದು ನಿಂತು, ಹಿಂದೆ ಮಣೆ ಇದೆಯೆಂದು ಭಾವಿಸಿ ಪಿರ್ರೆಯನ್ನು ಹಿಂದಕ್ಕೂ ಕೆಳಕ್ಕೂ ಇಳಿಸಿ. ತೊಡೆ ನೆಲಕ್ಕೆ ಸಮವಾಗುವಷ್ಟು ಇಳಿದರೆ ಸಾಕು. ನೋವಿಲ್ಲದಿದ್ದರೆ ಪೂರ್ತಿ ಕುಕ್ಕರಗಾಲಿನವರೆಗೂ ಹೋಗಬಹುದು. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತುತ್ತಾರೆ. ಹೊಸಬರು ಹಿಮ್ಮಡಿಯನ್ನು ನೆಲದಲ್ಲೇ ಇಡಬೇಕು. 8 ಸಲ. ಅಭ್ಯಾಸವಾದ ಮೇಲೆ ಕಂಬ ಬಿಡಿ.

3. ಸೇತುವೆ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ. ಪಿರ್ರೆಯನ್ನು ಬಿಗಿ ಹಿಡಿದು ಸೊಂಟವನ್ನು ಮೇಲಕ್ಕೆ ಎತ್ತಿ. ಹೆಗಲು, ಸೊಂಟ, ಮಂಡಿ ಒಂದೇ ಗೆರೆಯಲ್ಲಿ ಬರಬೇಕು. ನಡುವನ್ನು ಬಿಲ್ಲಿನಂತೆ ಬಗ್ಗಿಸಬಾರದು. ಐದು ಎಣಿಸುವವರೆಗೆ ನಿಂತು ನಿಧಾನವಾಗಿ ಇಳಿಸಿ. 10 ಸಲ. ಬಗ್ಗಿ ಕಳೆ ಕಿತ್ತು ಬಂದ ದಿನ ಸಂಜೆ ಇದೊಂದನ್ನು ಮಾಡಿದರೂ ನಡುವಿಗೆ ಹಿತವಾಗುತ್ತದೆ.

4. ಮೆಟ್ಟಿಲು ಏರು. ಮುಕ್ಕಾಲು ಗೇಣು ಎತ್ತರದ, ಅಲುಗಾಡದ ಮೆಟ್ಟಿಲಿನ ಮೇಲೆ ಒಂದು ಪಾದವನ್ನು ಪೂರ್ತಿ ಇಡಿ. ಕೆಳಗಿನ ಕಾಲಿನಿಂದ ಚಿಮ್ಮದೆ, ಮೇಲಿನ ಕಾಲಿನ ಬಲದಿಂದಲೇ ಏರಿ. ಇಳಿಯುವಾಗ ಮೂರು ಎಣಿಸಿ. ಒಂದೊಂದು ಕಾಲಿಗೆ 8 ಸಲ. ಪಕ್ಕದಲ್ಲಿ ಗೋಡೆ ಇರಲಿ.

5. ಪಕ್ಕದ ಕಾಲೆತ್ತು. ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿ, ಕೆಳಗಿನ ಕಾಲನ್ನು ಮಡಿಸಿಕೊಳ್ಳಿ. ಮೇಲಿನ ಕಾಲನ್ನು ನೆಟ್ಟಗೆ ಇಟ್ಟು ಒಂದೂವರೆ ಗೇಣಿನಷ್ಟು ಎತ್ತಿ ಇಳಿಸಿ. ಬೆರಳು ಆಕಾಶ ನೋಡದೆ ಮುಂದಕ್ಕೆ ನೋಡುತ್ತಿರಲಿ. ಒಂದೊಂದು ಕಡೆಗೆ 10 ಸಲ.

6. ಕೋಲು ಬಾಗು. ಒಂದು ನೆಟ್ಟನೆಯ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ಅದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನೆಲುಬಿನ ಕೊನೆ, ಈ ಮೂರು ಕಡೆ ತಾಗಬೇಕು. ಮಂಡಿಯನ್ನು ಸ್ವಲ್ಪವೇ ಸಡಿಲಿಸಿ, ಹಿಂದಿರುವ ಬಾಗಿಲನ್ನು ಪಿರ್ರೆಯಿಂದ ತಳ್ಳುವವರಂತೆ ಹಿಂದಕ್ಕೆ ಸರಿಯುತ್ತ ಮುಂದಕ್ಕೆ ಬಾಗಿ. ಕೋಲು ಮೂರು ಕಡೆಯೂ ತಾಗಿಯೇ ಇರಬೇಕು. ತೊಡೆಯ ಹಿಂಭಾಗ ಎಳೆದಂತಾದಾಗ ನಿಂತು, ಮೇಲಕ್ಕೆ ಬನ್ನಿ. 10 ಸಲ. ಆರರಲ್ಲಿ ರೈತನಿಗೆ ಅತ್ಯಂತ ಮುಖ್ಯವಾದದ್ದು ಇದು. ಇದರಿಂದ ನಡುವನ್ನು ಬಿಟ್ಟು ಸೊಂಟದ ಕೀಲಿನಲ್ಲಿ ಬಾಗುವುದನ್ನು ದೇಹ ಕಲಿಯುತ್ತದೆ.

ವಾರದ ಕ್ರಮ

ವಾರಕ್ಕೆ ಮೂರು ದಿನ ಸಾಕು. ದಿನ ಬಿಟ್ಟು ದಿನ ಇರಲಿ. ಸೋಮವಾರ ಎತ್ತಿಗೆ ನೊಗ ಹೂಡದೆ ಬಿಡುವು ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅದರಲ್ಲಿ ಅರ್ಥವಿದೆ. ದುಡಿಮೆಯಲ್ಲಿ ಸ್ನಾಯುವಿನ ಎಳೆಗಳು ದಣಿಯುತ್ತವೆ. ಬಿಡುವಿನಲ್ಲೂ ನಿದ್ದೆಯಲ್ಲೂ ಅವು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ.

ಮೊದಲ ಎರಡು ವಾರ 1, 3, 5, 6ನೆಯ ಸಾಧನೆಗಳನ್ನು ಒಂದೊಂದು ಸುತ್ತು ಮಾಡಿ. ಮೂರು, ನಾಲ್ಕನೆಯ ವಾರಗಳಲ್ಲಿ ಮೆಟ್ಟಿಲು ಏರನ್ನೂ ಸೇರಿಸಿ ಎರಡು ಸುತ್ತು ಮಾಡಿ. ಐದನೆಯ ವಾರದಿಂದ ಜಗುಲಿಯ ಬದಲು ಕಂಬ ಹಿಡಿದ ಬಸ್ಕಿ, ಮೂರು ಸುತ್ತು. ಎಂಟನೆಯ ವಾರದ ಹೊತ್ತಿಗೆ ಅದೂ ಹಗುರವಾಗಿ ಕಂಡರೆ, ಐದು ಕಿಲೋ ರಾಗಿ ತುಂಬಿದ ಚೀಲವನ್ನು ಎದೆಗೆ ಅಪ್ಪಿಕೊಂಡು ಬಸ್ಕಿ ಮಾಡಿ. ಕೊನೆಯ ಎರಡು ಮೂರು ಸಲ ಕಷ್ಟವೆನಿಸಬೇಕು. ಕಷ್ಟವೇ ಇಲ್ಲದಿದ್ದರೆ ಸ್ನಾಯು ಬೆಳೆಯುವುದಿಲ್ಲ. ಸುತ್ತು ಸುತ್ತಿನ ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಿ. ಎಲ್ಲ ಸೇರಿ ಅರ್ಧ ಗಂಟೆ ಮೀರುವುದಿಲ್ಲ.

ನಾಟಿ, ಕೊಯ್ಲಿನ ಕಾಲದಲ್ಲಿ, ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಸಾಧನೆಗೆ ಹೊತ್ತು ಸಿಕ್ಕದು. ಆಗ ವಾರಕ್ಕೆ ಒಂದು ದಿನ ಒಂದು ಸುತ್ತು ಮಾಡಿದರೂ ಗಳಿಸಿದ ಬಲ ಉಳಿಯುತ್ತದೆ. ಪೂರ್ತಿ ಬಿಟ್ಟರೆ ಮಾತ್ರ ಕರಗುತ್ತದೆ.

ಮೂಟೆ ಎತ್ತುವ ಬಗೆ: ನನ್ನ ತಪ್ಪಿನಿಂದ ಕಲಿತ ಪಾಠ

ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷ ನನಗೆ ಇಪ್ಪತ್ತಮೂರು. ಬಿತ್ತನೆಯ ವಾರ. ಗಾಡಿಯ ಪಕ್ಕದಲ್ಲಿ ಬಿದ್ದಿದ್ದ 50 ಕಿಲೋ ಗೊಬ್ಬರದ ಚೀಲವನ್ನು ಕಾಲು ನೆಟ್ಟಗಿಟ್ಟು, ನಡು ಬಗ್ಗಿಸಿ, ಒಂದೇ ಏಟಿಗೆ ಎತ್ತಿ ಪಕ್ಕಕ್ಕೆ ತಿರುಗಿದೆ. ನಡುವಿನಲ್ಲಿ ಚಳಕ್ ಎಂದಿತು. ಹತ್ತು ದಿನ ಚಾಪೆ ಬಿಟ್ಟು ಏಳಲಾಗಲಿಲ್ಲ. ಹದ ಕಾಯುವುದಿಲ್ಲವಲ್ಲ, ನಮ್ಮಪ್ಪ ಒಬ್ಬರೇ ಬಿತ್ತನೆ ಮುಗಿಸಿದರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಸಂಜೆ ಅವರು ಒಳಗೆ ಬಂದು ಉಸ್ಸಪ್ಪ ಎಂದು ಕೂರುವ ಸದ್ದು ಕೇಳಿದಾಗ ನನಗೆ ಆದ ನಾಚಿಕೆ ಇನ್ನೂ ಮರೆತಿಲ್ಲ. ಅದಕ್ಕೇ ಈ ಭಾಗವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಚೀಲಕ್ಕೆ ಅಂಟಿಕೊಂಡಂತೆ ನಿಲ್ಲಿ. ದೂರದಿಂದ ಚಾಚಿ ಎತ್ತಬೇಡಿ. ಕೋಲು ಬಾಗಿನಲ್ಲಿ ಕಲಿತಂತೆ ಪಿರ್ರೆ ಹಿಂದಕ್ಕೆ, ಬೆನ್ನು ನೆಟ್ಟಗೆ, ಮಂಡಿ ಮಡಿಸಿ ಇಳಿಯಿರಿ. ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಉಸಿರು ಬಿಡುತ್ತ ತೊಡೆಯ ಬಲದಿಂದ ಏಳಿ. ತಿರುಗಬೇಕಾದರೆ ನಡುವನ್ನು ತಿರುಚದೆ ಪಾದಗಳನ್ನೇ ತಿರುಗಿಸಿ. ಇಬ್ಬರು ಸಿಕ್ಕರೆ ಒಬ್ಬರು ಎತ್ತಬೇಡಿ. ತೊಡೆಯಲ್ಲಿ ಬಲವಿಲ್ಲದವನಿಗೆ ಈ ಕ್ರಮ ಗೊತ್ತಿದ್ದರೂ ಪ್ರಯೋಜನವಿಲ್ಲ. ಕಾಲು ಸೋತರೆ ಭಾರ ಮತ್ತೆ ಬೆನ್ನಿಗೇ ಬೀಳುತ್ತದೆ.

ನೋವಿನಲ್ಲಿ ಎರಡು ಬಗೆ

ಸಾಧನೆ ಮಾಡಿದ ಮಾರನೆಯ ದಿನ, ಅದರ ಮಾರನೆಯ ದಿನ ತೊಡೆಯ ಮಾಂಸಖಂಡ ಹಿಡಿದುಕೊಂಡು ನೋಯುವುದು ಸಹಜ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದಕ್ಕೆ ತೊಡೆ ಹೆಚ್ಚು ನೋಯುವುದನ್ನು ನೀವು ಕಂಡಿದ್ದೀರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಅದೇ ಕಾರಣ. ಇಂಥ ನೋವು ಮೂರು ನಾಲ್ಕು ದಿನದಲ್ಲಿ ತಾನಾಗಿ ಇಳಿಯುತ್ತದೆ. ಸ್ವಲ್ಪ ನಡೆದಾಡುತ್ತಿದ್ದರೆ ಬೇಗ ಹಗುರಾಗುತ್ತದೆ.

ಕೀಲಿನ ಒಳಗೆ ಚುಚ್ಚಿದಂತಾದರೆ, ಮಂಡಿ ಊದಿದರೆ, ಎದೆ ನೋವು ಅಥವಾ ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಡುವಿನಿಂದ ಕಾಲಿಗೆ ನೋವು ಇಳಿದು, ಕಾಲು ಮರಗಟ್ಟಿ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡೆಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ತಿಕ್ಕಿಸಿ ನೋಡೋಣ ಎಂದು ಕಾಯುವ ನೋವಲ್ಲ ಅದು.

ಆಹಾರ

ಗೊಬ್ಬರವಿಲ್ಲದ ಹೊಲದಲ್ಲಿ ಬೆಳೆ ಬಾರದು. ಸ್ನಾಯುವಿಗೆ ಗೊಬ್ಬರ ಎಂದರೆ ಪ್ರೋಟೀನು. ದೊಡ್ಡವರಿಗೆ ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ ಬೇಕು. ನಮ್ಮ ರಾಗಿಮುದ್ದೆಯಲ್ಲಿ ಎಲುಬಿಗೆ ಬೇಕಾದ ಸುಣ್ಣದಂಶ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನು ಬರೀ 7 ಗ್ರಾಂ. ಅದೇ ತೂಕದ ಹುರುಳಿಯಲ್ಲಿ 22 ಗ್ರಾಮಿನಷ್ಟಿದೆ. ಮುದ್ದೆಗೆ ಹುರುಳಿಕಾಳಿನ ಸಾರು, ಅವರೆಕಾಳು ಎಂದು ಹಿರಿಯರು ಕೂಡಿಸಿದ್ದು ಎಷ್ಟು ಸರಿ ನೋಡಿ. ಹುರುಳಿ ಬೇಯಿಸಿದ ನೀರನ್ನಷ್ಟೇ ತಾವು ಕುಡಿದು ಕಾಳನ್ನೆಲ್ಲ ಎತ್ತಿಗೆ ಹಾಕುವ ಮನೆಗಳಲ್ಲಿ ಎತ್ತಿನ ತೊಡೆ ಮಾತ್ರ ಗಟ್ಟಿಯಾಗುತ್ತದೆ! ಹಾಲನ್ನೆಲ್ಲ ಡೇರಿಗೆ ಹಾಕದೆ ಮನೆಮಂದಿಗೆ ಒಂದೊಂದು ಲೋಟ ಉಳಿಸಿ. ತಿನ್ನುವವರು ಮೊಟ್ಟೆ ತಿನ್ನಿ. ಒಂದರಲ್ಲಿ 6 ಗ್ರಾಂ ಪ್ರೋಟೀನು ಇದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ತಾಯಂದಿರ ತಟ್ಟೆಗೂ ಕಾಳು ಬೀಳಬೇಕು ಎಂಬುದನ್ನು ಗಂಡಸರು ನೋಡಿಕೊಳ್ಳಬೇಕು.

ಬೆಟ್ಟವೇ ಗರಡಿ

ನಮ್ಮ ಸೀಮೆಯವರಿಗೆ ದೇವರೇ ಎರಡು ಗರಡಿ ಕೊಟ್ಟಿದ್ದಾನೆ. ಒಂದು ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಮಾದಪ್ಪನ ಬೆಟ್ಟ. ರಂಗಪ್ಪ ರಾತ್ರಿ ಕಾಡು ಸುತ್ತುತ್ತಾನೆಂದು ನಂಬಿ, ಭಕ್ತರು ಅವನಿಗೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಒಪ್ಪಿಸುತ್ತಾರೆ. ನಡೆಯುವ ದೇವರಿಗೆ ನಡೆಯುವ ಭಕ್ತರು! ಶಿವರಾತ್ರಿಗೆ ಕೌದಳ್ಳಿ, ತಾಳುಬೆಟ್ಟದ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಈಗಲೂ ಬಹಳ. ಹರಕೆ ಹೊತ್ತವರು ಹೊರಡುವ ಹಿಂದಿನ ದಿನ ಕಾಲಿಗೆ ಎಣ್ಣೆ ಹಚ್ಚಿದರೆ ಸಾಲದು. ಎಂಟು ವಾರ ಮುಂಚೆಯೇ ಈ ಆರು ಸಾಧನೆಗಳನ್ನು ಹಿಡಿಯಬೇಕು. ಮೆಟ್ಟಿಲು ಏರನ್ನು, ಅದರಲ್ಲೂ ಮೂರು ಎಣಿಸಿ ಇಳಿಯುವುದನ್ನು, ಬಿಡಬಾರದು.

ನಮ್ಮ ನೆರೆಯ ಸೋಲಿಗರನ್ನು ನೋಡಿ. ಹೆಜ್ಜೇನಿಗಾಗಿ ಎತ್ತರದ ಮರ ಏರುವಾಗ ತೋಳು ಹಿಡಿದುಕೊಳ್ಳುತ್ತದೆ, ಮೇಲೆ ತಳ್ಳುವುದು ತೊಡೆ. ಅವರು ಅದನ್ನು ಯಾವ ಪುಸ್ತಕದಲ್ಲೂ ಓದಲಿಲ್ಲ. ಎಳೆಯ ವಯಸ್ಸಿನಿಂದ ಏರಿಳಿದು ಕಲಿತರು. ಆದರೆ ಒಂದು ಎಚ್ಚರಿಕೆ: ಬಿಳಿಗಿರಿರಂಗನ ಬೆಟ್ಟದ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆ ಓಡಾಡುವ ದಾರಿಯಲ್ಲಿ ಕಸರತ್ತಿಗೆಂದು ಹೋಗಬೇಡಿ. ನಡಿಗೆಗೆ ಊರಿನ ಕೆರೆ ಏರಿಯೇ ಸಾಕು.

ಬಿದ್ದ ಮೇಲೆ ಅಲ್ಲ, ಬೀಳುವ ಮುಂಚೆ

ಕೊನೆಯದಾಗಿ ವಯಸ್ಸಾದವರ ವಿಚಾರ. ಮುಪ್ಪಿನಲ್ಲಿ ಸೊಂಟದ ಎಲುಬು ಮುರಿದರೆ ಹಲವರು ಮತ್ತೆ ಮೊದಲಿನಂತೆ ಓಡಾಡಲಾರರು. ಅಂಥವರ ಎಲುಬು ಮುರಿಯುವುದು ಮಹಡಿಯಿಂದ ಬಿದ್ದಲ್ಲ. ಬಚ್ಚಲಲ್ಲಿ ಜಾರಿ, ಹೊಸ್ತಿಲು ಎಡವಿ, ಹಾಸಿಗೆಯಿಂದ ಏಳುವಾಗ ಮುಗ್ಗರಿಸಿ. ಕಾಲಿನಲ್ಲಿ ಬಲವಿದ್ದರೆ ಎಡವಿದವರು ಒಂದು ಹೆಜ್ಜೆ ಮುಂದಿಟ್ಟು ತಡೆದುಕೊಳ್ಳುತ್ತಾರೆ, ಇಲ್ಲದವರು ಬೀಳುತ್ತಾರೆ. ವ್ಯತ್ಯಾಸ ಆ ಒಂದು ಹೆಜ್ಜೆಯದು.

ನನ್ನ ದೊಡ್ಡವ್ವನಿಗೆ ಅರವತ್ತಾರು ವರ್ಷ. ಬಚ್ಚಲ ಹೊಸ್ತಿಲಲ್ಲಿ ಒಮ್ಮೆ ಎಡವಿ ಬಿದ್ದರು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಆಮೇಲೆ ಗೋಡೆ ಹಿಡಿಯದೆ ನಡೆಯುತ್ತಿರಲಿಲ್ಲ. "ಇನ್ನು ನನ್ಗ ರಂಗಪ್ಪನ ಮೆಟ್ಲು ಹತ್ತಕ್ಕಾಯ್ತದ ಮಗ?" ಎಂದು ಕೇಳಿದರು. ವೈದ್ಯರನ್ನು ಕೇಳಿ, ಅವರಿಗೆ ಜಗುಲಿ ಬಸ್ಕಿ ಹೇಳಿಕೊಟ್ಟೆ. ಮೊದಲ ದಿನ 30 ಸೆಕೆಂಡಿಗೆ ಆರು ಸಲ ಎದ್ದರು, ಅದೂ ಗೊಣಗುತ್ತ. ಕೆಲವು ದಿನ ಬಿಟ್ಟರು, ಮತ್ತೆ ಹಿಡಿದರು. ಹತ್ತು ವಾರದ ಮೇಲೆ ಹನ್ನೊಂದು ಸಲ ಎದ್ದರು. ಅನಂತರ ಬೆಟ್ಟಕ್ಕೆ ಹೋದಾಗ ಮೆಟ್ಟಿಲುಗಳನ್ನು ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ನಾನು ಕೈ ಕೊಡಲು ಹೋದರೆ, "ಬುಡು, ನಾನೇ ಬತ್ತೀನಿ" ಎಂದರು.

ನಿಮ್ಮ ಮನೆಯಲ್ಲೂ ಗೋಡೆ ಹಿಡಿದು ಏಳುವ ಒಬ್ಬ ಹಿರಿಯರು ಇರಬಹುದು. ಈ ಸಂಜೆ ಅವರ ಪಕ್ಕದಲ್ಲಿ ಕೂತು ನೀವೂ ಎದ್ದು ಕೂರಿ. ಒಬ್ಬರೇ ಮಾಡುವುದು ಬೇಸರ, ಇಬ್ಬರಾದರೆ ಆಟ. ಹನಿ ಹನಿ ಸೇರಿದರೆ ಹಳ್ಳ. ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದ ಸಂಖ್ಯೆಯನ್ನು ಅಳಿಸಬೇಡಿ. ಎಂಟು ವಾರದ ನಂತರ ಅದೇ ಕುರ್ಚಿಯ ಮೇಲೆ ಅದೇ ಪರೀಕ್ಷೆ ಮಾಡಿ, ಹೊಸ ಸಂಖ್ಯೆಯನ್ನು ಅದರ ಕೆಳಗೆ ಬರೆಯಿರಿ. ನಾನು ನಿಮ್ಮ ಊರಿಗೆ ಬಂದಾಗ ಬೆಳೆಯ ಜೊತೆಗೆ ಆ ಗೋಡೆಯನ್ನೂ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

— ನಿಮ್ಮ ಗ್ರಾಮಸೇವಕ